ಪದಾರ್ಥಗಳು ಕರಗುವ ಮತ್ತು ಹೆಪ್ಪುಗಟ್ಟುವ ವಿಚಾರ

ಬೇಸಗೆಯಲ್ಲಿ ತುಪ್ಪ ಕರಗಿತೆಂದೂ, ಮಳೆಗಾಲದಲ್ಲಿ ಬೆಲ್ಲ ಕರಗಿತೆಂದೂ ನಾವು ಒಂದೇ ಮಾತಿನಿಂದ ಹೇಳುವುದುಂಟು. ಮಾತು ಒಂದೇ ಆದರೂ ನಡೆದ ಕ್ರಿಯೆಗಳು ಬೇರೆ. ತುಪ್ಪವನ್ನು ದ್ರವವಾಗಿಸಿದ್ದು ಶಾಖ. ಬೆಲ್ಲವನ್ನು ನೀರಾಗಿಸಿದ್ದು ಗಾಳಿಯಲ್ಲಿನ ತೇವ. ಈ ಭೇದವನ್ನರಿಯದೆ, ಬೆಲ್ಲಕ್ಕೆ ಸೆಕೆ ತಗಲಿತೆಂದು ಭಾವಿಸಿ ಅದನ್ನು ಅಟ್ಟದಿಂದಿಳಿಸಿ ತಂಪಾದ ನೆಲದ ಕೋಣೆಯಲ್ಲಿಡುವವರು ಉಳಿದುದನ್ನೂ ಕಳೆದುಕೊಳ್ಳುವರು. ಆದಕಾರಣ ಗ್ರಾಮದ ಮುಖಂಡರೂ ಭೂಮಾಲೀಕರೂ ಈ ವಿಷಯವನ್ನು ತಿಳಿದು ನೆರೆಹೊರೆಯ ರೈತರಿಗೂ ತಿಳಿಸುವುದು ಯುಕ್ತ.

ನಿಜವಾಗಿ ಕರಗುವುದೆಂದರೇನೆಂಬುದನ್ನು ಮಂಜುಗಡ್ಡೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಅದು ಸೆಂಟಿಗ್ರೇಡ್ ಮಾನದ 0 ಡಿಗ್ರಿಯಲ್ಲಿ ಕರಗುತ್ತದೆ. ಗಡ್ಡೆಯೆಲ್ಲವೂ ನೀರಾಗುವವರೆಗೆ ಆ ಉಷ್ಣತೆಯು ಏರುವುದಿಲ್ಲ. ಒಂದು ಕಿಲೋ ಗಡ್ಡೆಯನ್ನು ಕರಗಿಸುವ ಶಾಖವು ಅಷ್ಟೇ ತೂಕದ ನೀರನ್ನು 0 ಯಿಂದ 80 ಡಿಗ್ರಿಯವರೆಗೆ ಕಾಯಿಸಬಲ್ಲದು. ಹಾಲನ್ನೂ ಮೀನನ್ನೂ ಬಹಳ ಹೊತ್ತು ಕೆಡದಂತಿಡುವ ಶಕ್ತಿಯು ಮಂಜುಗಡ್ಡೆಗೆ ಬಂದಿರುವುದು ಇದರಿಂದಲೇ.

ತುಪ್ಪಕ್ಕೆ ಇಂಥ ಒಂದೇ ಗೊತ್ತಾದ ಡಿಗ್ರಿ ಇಲ್ಲ. ಅದು ಹಲವು ಬಗೆಯ ಕೊಬ್ಬುಗಳ ಮಿಶ್ರಣವಾದುದರಿಂದ ಮೊದಲು ಮೆತ್ತಗಾಗಿ, ಬಳಿಕ ಸ್ವಲ್ಪಸ್ವಲ್ಪವಾಗಿ ಕರಗುತ್ತದೆ. ಕೊಬ್ಬರಿ ಎಣ್ಣೆಯು ಸುಮಾರು 24 ಡಿಗ್ರಿಯಲ್ಲಿ ಗಟ್ಟಿಯಾಗುವುದು. ಕಡಲೆಕಾಯಿ ಎಣ್ಣೆಯಾದರೋ ನಮ್ಮ ಚಳಿಗೆ ಗಟ್ಟಿಯಾಗದು. ಮಾಗಿಯ ಚಳಿಯಲ್ಲಿಯೂ ನೀರಿನಂತಿರುವ ಕೊಬ್ಬರಿ ಎಣ್ಣೆಯನ್ನು ಸಂಶಯಿಸುವುದು ನ್ಯಾಯವೇ. ಆದರೆ ಗಟ್ಟಿಯಾದುದೆಲ್ಲ ಶುದ್ಧವೆಂದು ನಂಬಲಾಗದು. ವನಸ್ಪತಿಯೂ ಗಟ್ಟಿಯಾಗಿಯೇ ಇರುವುದಷ್ಟೆ.

ಹೆಪ್ಪುಗಟ್ಟುವುದೆಂಬ ಮಾತಿಗೂ ಇದೇ ಗತಿ. ಗಟ್ಟಿಯಾದ ತುಪ್ಪವು ಕಾಯಿಸಿದರೆ ಮೊದಲಿನಂತಾಗುವುದು. ಮೊಸರನ್ನು ಎಷ್ಟು ಕಾಯಿಸಿದರೂ ಹಾಲಾಗದು. ಅಲ್ಲಿ ಕೆಲಸಮಾಡಿದ್ದು ಚಳಿಯಲ್ಲ, ಹುಳಿ. ಜೇನುತುಪ್ಪವು ಹರಳುಗಟ್ಟುವುದು ಮತ್ತೊಂದು ಬಗೆ: ಅದರಲ್ಲಿರುವ ಸಕ್ಕರೆಯ ಒಂದಂಶವು ಹರಳಾಗಿ ಬೇರ್ಪಡುತ್ತದೆ. ಶುದ್ಧವಾದ ಜೇನೂ ಹೀಗಾಗುವುದುಂಟು. ಪಾತ್ರೆಯನ್ನು ಬೆಚ್ಚನೆಯ ನೀರಿನಲ್ಲಿಟ್ಟರೆ ತಿಳಿಯಾಗುವುದು.

ಇನ್ನು ಬೆಲ್ಲ. ಶುದ್ಧ ಸಕ್ಕರೆಯು ಕರಗಲು ಸುಮಾರು 186 ಡಿಗ್ರಿ ಶಾಖ ಬೇಕು. ಬೇಸಗೆಯ ಸೆಕೆಗೆ ಬೆಲ್ಲವು ಕೊಂಚ ಮೆದುವಾಗಬಹುದೇ ಹೊರತು ನೀರಾಗಿ ಸೋರದು. ಬೆಲ್ಲದಲ್ಲಿ ಒಡೆದ ಸಕ್ಕರೆಯ ಅಂಶವೂ ಇದ್ದು, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕಡಿದ ಕಬ್ಬು ಬಹಳ ಹೊತ್ತು ಬಿದ್ದಿದ್ದರೆ, ರಸವು ಹುಳಿಯಾದರೆ, ಈ ಅಂಶವು ಹೆಚ್ಚುವುದು. ಆದುದರಿಂದ ಮಳೆಗಾಲದ ರಕ್ಷಣೆಯು ಆಲೆಮನೆಯಲ್ಲಿಯೇ ಮೊದಲಾಗಬೇಕು: ಕಡಿದ ದಿನವೇ, ತಪ್ಪಿದರೆ ಮರುದಿನ, ಕಬ್ಬನ್ನು ಅರೆಯತಕ್ಕದ್ದು, ರಸದ ಹುಳಿಗೆ ಸುಣ್ಣದ ತಿಳಿನೀರನ್ನು ಹದವರಿತು ಹಾಕತಕ್ಕದ್ದು. ಅಡಿಗೆಮನೆಯ ಒಲೆಯ ಮೇಲಣ ಅಟ್ಟದಲ್ಲಿ ಬೆಲ್ಲವನ್ನಿಡುತ್ತಿದ್ದ ಹಿರಿಯರ ಪದ್ಧತಿಯು ಶಾಸ್ತ್ರಸಮ್ಮತವಾದುದು. ಬೆಚ್ಚಗಾದ ಗಾಳಿಯು ಒಣಗಿಸುತ್ತದೆ. ಅದೇ ಗಾಳಿಯು ತಂಪಾದ ಕೋಣೆಯಲ್ಲಿ ತೇವವನ್ನು ಬಿಡುತ್ತದೆ. ಅಟ್ಟವಿಲ್ಲದವರು ಜೂನ್ ತಿಂಗಳ ಮಳೆಗೆ ಮುಂಚೆ, ಒಣ ಹವೆಯಿರುವಾಗಲೇ, ಬೆಲ್ಲವನ್ನು ಒಣಗಿದ ಗಡಿಗೆಗಳಲ್ಲಿ ತುಂಬಿ ಬಾಯಿಗೆ ಬಟ್ಟೆ ಕಟ್ಟಿ ಮಣ್ಣು ಮೆತ್ತಬಹುದು, ಇಲ್ಲವೇ ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಬಹುದು. ಬೆವರಲು ತೊಡಗಿದ ಮೇಲೆ ಮುಚ್ಚಿದರೆ ತೇವವು ಒಳಗೇ ನಿಂತು ಬೆಲ್ಲವು ಹುಳಿಯುವುದು.

ಉಪ್ಪು ಕರಗಲು ಸುಮಾರು 800 ಡಿಗ್ರಿ ಬೇಕಾದರೂ ಆಷಾಢದಲ್ಲಿ ಅದು ಜಿನುಗುವುದನ್ನು ಎಲ್ಲರೂ ಬಲ್ಲರು. ಯೂರಿಯಾ ಗೊಬ್ಬರವೂ ಇದೇ ಜಾತಿಯದು. ಅದು ಶಾಖದಿಂದ ಕರಗುವುದು ಸುಮಾರು 133 ಡಿಗ್ರಿಯಲ್ಲಿ. ನಮ್ಮ ಉಗ್ರಾಣಗಳಲ್ಲಿ ಅದನ್ನು ಕೆಡಿಸುವುದು ತೇವ ಮಾತ್ರ. ಚೀಲಗಳನ್ನು ಗೋಡೆಗೆ ತಾಗದಂತೆ ಹಲಗೆಗಳ ಮೇಲೆ ಅಟ್ಟಿಯಿಟ್ಟು, ಬಿಚ್ಚಿದ ಚೀಲವನ್ನು ಕೂಡಲೇ ಬಿಗಿಯಾಗಿ ಕಟ್ಟಬೇಕು. ಯೂರಿಯಾವನ್ನು ಸೂಪರ್ ಫಾಸ್ಫೇಟಿನೊಡನೆ ಬೆರೆಸಿಟ್ಟರೆ ಎರಡೂ ಒದ್ದೆಯಾಗಿ ಕೆಸರಿನಂತಾಗುವುವು. ಆ ದಿನ ಹೊಲಕ್ಕೆ ಎರಚುವಷ್ಟನ್ನು ಮಾತ್ರ ಅಂದೇ ಬೆರೆಸತಕ್ಕದ್ದು.