ಪರದೆಯ ಬಣ್ಣ, ಕಾಗದದ ಬಣ್ಣ

ಪರದೆಯಲ್ಲಿ ಕಳೆಗಟ್ಟಿದ ಮದುವೆಯ ಫೋಟೋ ಮನೆಯ ಪ್ರಿಂಟರಿನಿಂದ ಮಂಕಾಗಿ ಹೊರಬರುವುದುಂಟು. ಇದಕ್ಕೆ ಯಂತ್ರವನ್ನೇ ದೂರಬೇಕಾಗಿಲ್ಲ. ಪರದೆ ತಾನೇ ಬೆಳಕು ಚೆಲ್ಲುತ್ತದೆ. ಕಾಗದವಾದರೋ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಆದುದರಿಂದ ಮೊದಲು ಪರದೆಯ ಹೊಳಪನ್ನು ತಗ್ಗಿಸತಕ್ಕದ್ದು. ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಸಾಕು.

ಎರಡನೆಯದು ಕಾಗದದ ಗುಣ. ಒಂದೇ ಶಾಯಿ ಹೊಳಪು ಕಾಗದದಲ್ಲಿ ಒಂದು ಬಗೆ, ಹೊಳಪಿಲ್ಲದ ಹತ್ತಿಯ ಕಾಗದದಲ್ಲಿ ಇನ್ನೊಂದು ಬಗೆ ಕಾಣುತ್ತದೆ. ಇಂಥ ಒಂದೊಂದು ಜೋಡಿಯ ಗುಣವನ್ನು ಅಳೆದು ಅಂಕಿಗಳಲ್ಲಿ ಬರೆದಿಟ್ಟ ಕಡತವೇ ಐಸಿಸಿ ಪ್ರೊಫೈಲ್. ಇದರ ಕ್ರಮವನ್ನು ರೂಪಿಸಿದ ಅಂತರರಾಷ್ಟ್ರೀಯ ಸಂಸ್ಥೆ 1993ರಲ್ಲಿ ಸ್ಥಾಪಿತವಾಯಿತು. ಒಳ್ಳೆಯ ಕಾಗದದ ತಯಾರಕರು ಹೆಸರಾದ ಪ್ರಿಂಟರುಗಳಿಗೆ ಒಪ್ಪುವ ಪ್ರೊಫೈಲನ್ನು ಸಾಮಾನ್ಯವಾಗಿ ಉಚಿತವಾಗಿ ಕೊಡುತ್ತಾರೆ. ಅದನ್ನು ಫೋಟೋ ತಂತ್ರಾಂಶದಲ್ಲಿ ಆರಿಸಿ, ಪ್ರಿಂಟರಿನ ಸ್ವಂತ ಬಣ್ಣ ತಿದ್ದುವಿಕೆಯನ್ನು ನಿಲ್ಲಿಸಬೇಕು. ಎರಡೂ ಕಡೆ ತಿದ್ದಿದರೆ ಬಣ್ಣ ಕೆಡುವುದು ಖಂಡಿತ.

ಇಷ್ಟಾದರೂ ಹೊಳಪಿಲ್ಲದ ಕಾಗದ ಕಡುಗಪ್ಪನ್ನೂ ಉಜ್ವಲವಾದ ಕೆಂಪನ್ನೂ ಪೂರ್ತಿಯಾಗಿ ಕೊಡಲಾರದು. ಆದುದರಿಂದ ಅದೇ ಕಾಗದದ ಸಣ್ಣ ತುಂಡಿನಲ್ಲಿ ಮೊದಲು ಪರೀಕ್ಷಿಸಿ, ಒಂದು ದಿನ ಒಣಗಲು ಬಿಟ್ಟು, ಹಗಲು ಬೆಳಕಿನಲ್ಲಿ ನೋಡಿರಿ. ಸೀರೆಯ ಕೆಂಪು ತುಸು ಇಳಿದರೂ ಚಿಂತೆಯಿಲ್ಲ, ಮುಖದ ಬಣ್ಣ ಸರಿಯಾಗಿರಲಿ. ಮುಂದೆ ಮೊಮ್ಮಕ್ಕಳು ಹಿರಿಯರನ್ನು ಗುರುತಿಸುವುದು ಈ ಹಾಳೆಯಿಂದಲೇ.