ರೋಗಿಯ ಮಗ್ಗುಲಲ್ಲಿ ನಿಂತು ಕಲಿತದ್ದು

ಕ್ಯಾನ್ಸರ್ ವಾರ್ಡು, ಡಯಾಲಿಸಿಸ್ ಘಟಕ, ಐಸಿಯು ಬಾಗಿಲಾಚೆಯ ಬೆಂಚು: ಸಭಾಪಾಲಕನಾಗಿ ನನ್ನ ಸೇವೆಯ ಬಹುಪಾಲು ನಡೆದದ್ದು ಇಂಥ ಜಾಗಗಳಲ್ಲೇ. ದೇವರು ಗುಣಪಡಿಸುತ್ತಾನೆ ಎಂದು ನಾನು ನಂಬುತ್ತೇನೆ. ಆ ನಂಬಿಕೆಯಿಲ್ಲದೆ ಒಂದು ಹಾಸಿಗೆಯ ಪಕ್ಕದಲ್ಲೂ ಬಾಯಿ ತೆರೆಯಲಾರೆ. ಆದರೆ ಆ ನಂಬಿಕೆಯ ಹೊರೆಯನ್ನೆಲ್ಲ ಮಲಗಿರುವವರ ಎದೆಯ ಮೇಲೇ ಹೇರುವುದನ್ನು ನೋಡಿ ನೋಡಿ ನೊಂದಿದ್ದೇನೆ. ಹೊತ್ತುಕೊಳ್ಳಬೇಕಾದವರು ನಾವು, ಸುತ್ತ ನಿಂತವರು. ರೋಗಿಯ ಮನೆಯವರಿಗೆ, ಪ್ರಾರ್ಥನೆಗೆಂದು ಹೋಗುವ ಸಭೆಯವರಿಗೆ, ಈಗಷ್ಟೇ ಸೇವೆಗೆ ಬಂದಿರುವ ಕಿರಿಯರಿಗೆ ಉಪಯೋಗವಾದೀತೆಂದು ಕೆಲವು ಪಾಠಗಳನ್ನು ಇಲ್ಲಿ ಬರೆದಿಡುತ್ತೇನೆ.

1. ಮೊದಲು ರೋಗಿಯನ್ನೇ ಕೇಳಿ

ಯೆರಿಕೋ ದಾರಿಯಲ್ಲಿ ಕೂಗಿಕೊಂಡ ಕುರುಡ ಬಾರ್ತಿಮಾಯನಿಗೆ ಏನು ಬೇಕಿತ್ತೆಂದು ಅಲ್ಲಿದ್ದ ಗುಂಪಿನಲ್ಲಿ ಯಾರಿಗೆ ಗೊತ್ತಿರಲಿಲ್ಲ? ಆದರೂ ನಿನಗೆ ಏನು ಮಾಡಬೇಕು ಎಂದು ಯೇಸು ಸ್ವಾಮಿ ಅವನನ್ನೇ ಕೇಳಿದರು. ನಾನೂ ಕೇಳುತ್ತೇನೆ: "ಏನಂತ ಪ್ರಾರ್ಥನೆ ಮಾಡಲಮ್ಮ?"

ಬರುವ ಉತ್ತರಗಳು ನಾವು ಊಹಿಸಿದಂತೆ ಇರುವುದಿಲ್ಲ. ಕೀಮೋ ಮುಗಿಸಿ ಬಾಯೆಲ್ಲ ಹುಣ್ಣಾಗಿದ್ದ ಒಬ್ಬ ತಾಯಿ ಚಾಮರಾಜನಗರದ ಕಡೆಯವರು. ಗಂಜಿ ಕೂಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಚಮಚವನ್ನು ತುಟಿಯವರೆಗೆ ತಂದು, ಉರಿ ನೆನೆದು, ಮತ್ತೆ ಬಟ್ಟಲಿಗೆ ಇಳಿಸುತ್ತಿದ್ದರು. "ಒಂದು ತುತ್ತು ಮುದ್ದೆ, ಉಪ್ಸಾರು ನುಂಗೋ ಹಾಗಾಗಲಿ ಅಂತ ಕೇಳಿ ಅಯ್ಯನವರೇ. ಮಿಕ್ಕಿದ್ದು ಆಮೇಲೆ," ಅಂದರು. ಜೊತೆಗೆ ಬಂದಿದ್ದವರು ಗೆಡ್ಡೆ ಮಾಯವಾಗಲೆಂದು ಜೋರಾಗಿ ಪ್ರಾರ್ಥಿಸಲು ಸಿದ್ಧರಾಗಿದ್ದರು. ನಾವು ಮುದ್ದೆಗಾಗಿ, ಉಪ್ಸಾರಿಗಾಗಿ ಪ್ರಾರ್ಥಿಸಿದೆವು. ಆಮೆನ್ ಅಂದಾಗ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದ್ದು ಅವರದೇ ದನಿ. ಇನ್ನು ಕೆಲವರು ನರ್ಸಿಗೆ ನರ ಒಂದೇ ಸಲಕ್ಕೆ ಸಿಗಲಿ ಅನ್ನುತ್ತಾರೆ, ರಾತ್ರಿ ನಿದ್ದೆ ಬರಲಿ ಅನ್ನುತ್ತಾರೆ, ಮಗಳ ಪಿಯುಸಿ ಫೀಸಿನ ಚಿಂತೆ ಹೇಳಿಕೊಳ್ಳುತ್ತಾರೆ. ಇವು ಸಣ್ಣ ಬೇಡಿಕೆಗಳಲ್ಲ.

2. ನಾಲ್ಕು ಜನ ಹೊರಲಿ

ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಕಪೆರ್ನೌಮಿನಲ್ಲಿ ಲಕ್ವ ಹೊಡೆದ ಒಬ್ಬನನ್ನು ನಾಲ್ವರು ಹೊತ್ತು ತಂದರು. ಬಾಗಿಲಲ್ಲಿ ಜಾಗವಿಲ್ಲದೆ ಚಾವಣಿ ಕಿತ್ತು ಹಾಸಿಗೆ ಸಮೇತ ಒಳಗಿಳಿಸಿದರು. ಆ ರೋಗಿ ಬಾಯಿಬಿಟ್ಟು ಪ್ರಾರ್ಥಿಸಿದನೆಂದಾಗಲಿ, ಅವನಿಗೆ ಇಂತಿಷ್ಟು ನಂಬಿಕೆ ಇತ್ತೆಂದಾಗಲಿ ಅಲ್ಲಿ ಬರೆದಿಲ್ಲ. ಯೇಸು ಸ್ವಾಮಿ ನೋಡಿದ್ದು ತಂದವರ ನಂಬಿಕೆಯನ್ನು.

ಜ್ವರದಲ್ಲಿ ಬೇಯುತ್ತಿರುವವರಿಗೆ, ಮಾರ್ಫಿನ್ ಮಂಪರಿನಲ್ಲಿರುವವರಿಗೆ, ವಾಂತಿ ಮಾಡಿ ಸುಸ್ತಾದವರಿಗೆ ಪ್ರಾರ್ಥಿಸಲು ಆಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಅವರ ಪರವಾಗಿ ಪ್ರಾರ್ಥಿಸುವುದಕ್ಕೇ ಸಭೆ ಇರುವುದು. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದಲ್ಲೂ ರೋಗಿಗೆ ಹೇಳಿದ ಕೆಲಸ ಒಂದೇ: ಸಭೆಯ ಹಿರಿಯರನ್ನು ಕರೆಸಿಕೊಳ್ಳುವುದು. ಎಣ್ಣೆ ಹಚ್ಚುವುದು, ಪ್ರಾರ್ಥಿಸುವುದು ಹಿರಿಯರ ಪಾಲಿನ ಕೆಲಸ.

ಆದರೆ ವಾರ್ಡಿನಲ್ಲಿ ನಡೆಯುವುದೇನು? ಹಣ್ಣಿನ ಚೀಲ ಹಿಡಿದು ಬಂದವರು ಸ್ಟೂಲೆಳೆದು ಕೂತು, "ನಿನ್ನಲ್ಲಿ ನಂಬಿಕೆ ಕಡಿಮೆ ಇದೆ, ಅದಕ್ಕೇ ಗುಣ ಆಗ್ತಿಲ್ಲ" ಎಂದು ಹೇಳಿ ಹೋಗುತ್ತಾರೆ. ಇನ್ನೊಬ್ಬರು ಯಾವ ಪಾಪ ಅರಿಕೆ ಮಾಡದೆ ಉಳಿದಿದೆ ಎಂದು ವಿಚಾರಣೆ ಶುರುಮಾಡುತ್ತಾರೆ. ಯೋಬನ ಗೆಳೆಯರೂ ಮೊದಲ ಏಳು ದಿನ ಸುಮ್ಮನೆ ನೆಲದ ಮೇಲೆ ಅವನೊಂದಿಗೆ ಕೂತಿದ್ದರು. ಅಷ್ಟು ಚೆನ್ನಾಗಿಯೇ ಇತ್ತು. ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆ ಕೆಟ್ಟಿತು. ಕೊನೆಗೆ ದೇವರು ಕೋಪಿಸಿಕೊಂಡಿದ್ದು ಯೋಬನ ಮೇಲಲ್ಲ, ಅವರ ಮೇಲೆ. ಹುಟ್ಟುಕುರುಡನನ್ನು ನೋಡಿ ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗಲೂ ಯೇಸು ಸ್ವಾಮಿ ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ರೋಗಿಯ ಕಿವಿಗೆ ಇಂಥ ಮಾತು ಬೀಳದಂತೆ ಕಾಯುವುದು ಮನೆಯವರ ಕರ್ತವ್ಯ. ಅಂಥವರನ್ನು ಬಾಗಿಲಲ್ಲೇ ತಡೆದರೆ ತಪ್ಪಿಲ್ಲ. ನಾನು ತಡೆದಿದ್ದೇನೆ.

3. ಮಾತ್ರೆ ನಿಲ್ಲಿಸಬೇಡಿ

ಸಾಯುವ ಸ್ಥಿತಿಯಲ್ಲಿದ್ದ ಅರಸ ಹಿಜ್ಕೀಯ ಗೋಡೆಯ ಕಡೆ ಮುಖ ತಿರುಗಿಸಿ ಅತ್ತು ಪ್ರಾರ್ಥಿಸಿದ. ದೇವರು ಅವನ ಆಯುಸ್ಸಿಗೆ 15 ವರ್ಷ ಕೂಡಿಸಿದನು. ಇದನ್ನು ಎಲ್ಲರೂ ಪ್ರಸಂಗದಲ್ಲಿ ಹೇಳುತ್ತಾರೆ. ಅದೇ ಅಧ್ಯಾಯದಲ್ಲಿ, ಅಂಜೂರದ ಹಣ್ಣುಗಳನ್ನು ಅರೆದು ಅರಸನ ಹುಣ್ಣಿಗೆ ಕಟ್ಟಿ ಎಂದು ಪ್ರವಾದಿ ಯೆಶಾಯನೇ ಹೇಳಿದ್ದೂ ಇದೆ. ಅದನ್ನು ಹೇಳುವವರು ಕಡಿಮೆ. ಪೌಲನ ಪ್ರಿಯ ಸಂಗಾತಿ ಲೂಕ ವೈದ್ಯ. ತಿಮೊಥೆಯ ಹೊಟ್ಟೆಯ ತೊಂದರೆಗೆ ಪೌಲ ಹೇಳಿದ್ದು ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು.

ನಮ್ಮ ನಾಡಿಗೆ ಬಂದ ಕ್ರೈಸ್ತರು ಪ್ರಾರ್ಥನೆಯನ್ನೂ ಔಷಧಿಯನ್ನೂ ಬೇರೆಬೇರೆ ಮಾಡಲಿಲ್ಲ. ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಆಲದ ಮರದ ಕೆಳಗೆ ಔಷಧಿ ಹಂಚಲು ಶುರುಮಾಡಿದರು. ಮೈಸೂರಿನವರು ಈಗಲೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದು. ವೆಲ್ಲೂರಿನಲ್ಲಿ ಐಡಾ ಸ್ಕಡರ್ ಒಂದು ಹಾಸಿಗೆಯಿಂದ ಆರಂಭಿಸಿದ ಕೆಲಸವನ್ನು ಹುಡುಕಿಕೊಂಡು ನಮ್ಮ ಎಷ್ಟೋ ಜನ ಇಂದಿಗೂ ರಾತ್ರಿ ಬಸ್ಸು ಹತ್ತುತ್ತಾರೆ. ಇವರೆಲ್ಲ ನಂಬಿಕೆ ಸಾಲದೆ ಆಸ್ಪತ್ರೆ ಕಟ್ಟಿದರೇ?

ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ. ಎರಡನೆಯ ತಿಂಗಳಲ್ಲಿ ಕೆಮ್ಮು ನಿಂತು ಮೈ ಹಗುರವಾದಾಗ, ಪ್ರಾರ್ಥನೆಯಿಂದ ಗುಣವಾಯಿತು ಎಂದು ಮಾತ್ರೆ ಬಿಟ್ಟರೆ, ರೋಗಾಣು ಆ ಔಷಧಿಗೇ ಬಗ್ಗದಂತೆ ಬಲಿಯಬಹುದು. ಟೈಪ್ 1 ಸಕ್ಕರೆ ಕಾಯಿಲೆಯ ಮಗುವಿಗೆ ಇನ್ಸುಲಿನ್ ಕೆಲವು ದಿನ ತಪ್ಪಿದರೂ ಜೀವಕ್ಕೆ ಅಪಾಯ. ಮೂರ್ಛೆರೋಗದ ಮಾತ್ರೆ, ಡಯಾಲಿಸಿಸ್ಸಿನ ಪಾಳಿ, ಕೀಮೋ ತಾರೀಖು ಯಾವುದನ್ನೂ ಉಪವಾಸ ಪ್ರಾರ್ಥನೆಯ ನೆಪದಲ್ಲಿ ಮುಂದೂಡಬೇಡಿ. ಉಪವಾಸ ಮಾಡಬೇಕಾದವರು ಆರೋಗ್ಯವಾಗಿರುವ ನಾವು.

4. ಸಾಕ್ಷಿ ಹೇಳುವ ಮುನ್ನ ಪರೀಕ್ಷೆ ಮಾಡಿಸಿ

ಯೇಸು ಸ್ವಾಮಿ ಕುಷ್ಠರೋಗಿಯನ್ನು ಗುಣಪಡಿಸಿದ ಕೂಡಲೇ ಅವನನ್ನು ಯಾಜಕನ ಬಳಿಗೆ ಕಳಿಸಿದರು. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಚರ್ಮ ಪರೀಕ್ಷಿಸಿ, ಶುದ್ಧನಾದನೋ ಇಲ್ಲವೋ ಎಂದು ಹೇಳುವ ಅಧಿಕಾರ ಯಾಜಕನದು. ನಮ್ಮ ಕಾಲದಲ್ಲಿ ಅದು ಸ್ಕ್ಯಾನು, ಬಯಾಪ್ಸಿ, ರಕ್ತಪರೀಕ್ಷೆ. ಫ್ರಾನ್ಸಿನ ಲೂರ್ದ್ ಕ್ಷೇತ್ರದಲ್ಲಿ 1883ರಿಂದಲೂ ಗುಣವಾದೆವೆಂದು ಬಂದವರನ್ನು ವೈದ್ಯರು ಪರೀಕ್ಷಿಸುತ್ತಾರೆ. ದಾಖಲಾದ ಪ್ರಕರಣಗಳು ಏಳು ಸಾವಿರಕ್ಕೂ ಮಿಕ್ಕಿವೆ. ಸಭೆ ಅದ್ಭುತವೆಂದು ಒಪ್ಪಿದ್ದು ಎಪ್ಪತ್ತು ಚಿಲ್ಲರೆ ಮಾತ್ರ. ಅಷ್ಟು ಬಿಗಿಯಾಗಿ ನೋಡಿಯೂ ಉಳಿದವು ಎಂಬ ಕಾರಣಕ್ಕೇ ನನಗೆ ಆ ಎಪ್ಪತ್ತರ ಮೇಲೆ ಗೌರವ.

ವೇದಿಕೆ ಹತ್ತಿಸಿ, ಮೈಕು ಕೊಟ್ಟು, "ಗುಣವಾದೆ" ಎಂದು ಹೇಳಿಸಿದ ಮೇಲೆ ಮರುವಾರ ನೋವು ಮರಳಿದರೆ, ಆ ಮನುಷ್ಯ ಅದನ್ನು ಯಾರಿಗೂ ಹೇಳಲಾಗದೆ ಒಳಗೇ ಬೇಯುತ್ತಾನೆ. ಆಸ್ಪತ್ರೆಗೂ ಬರುವುದಿಲ್ಲ.

5. ದುಡ್ಡಿನ ಮಾತು ಬಂದರೆ ಎದ್ದು ಬನ್ನಿ

ಕುಷ್ಠ ವಾಸಿಯಾದ ನಾಮಾನ ತಂದ ಬೆಳ್ಳಿಬಂಗಾರವನ್ನು ಪ್ರವಾದಿ ಎಲೀಷ ಮುಟ್ಟಲಿಲ್ಲ. ಹಿಂದಿನಿಂದ ಓಡಿಹೋಗಿ ಇಸಿದುಕೊಂಡ ಸೇವಕ ಗೇಹಜಿಗೆ ಆ ಕುಷ್ಠವೇ ಅಂಟಿತು. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

6. ಹಾಸಿಗೆಯ ಬಳಿ ನಡೆದುಕೊಳ್ಳುವುದು

ಒಳಹೋಗುವ ಮುನ್ನ ಸೋಪಿನಿಂದ ಕೈ ತೊಳೆಯಿರಿ. ಕೀಮೋ ಆದವರಲ್ಲಿ ಬಿಳಿರಕ್ತಕಣ ಇಳಿದಿರುತ್ತದೆ. ನಮ್ಮ ನೆಗಡಿ ಅವರಿಗೆ ನ್ಯುಮೋನಿಯಾ ಆಗಬಹುದು. ಕೈಯಿಟ್ಟು ಪ್ರಾರ್ಥಿಸುವ ಮುನ್ನ ಕೇಳಿ. ಆಪರೇಷನ್ ಆದ ಕಡೆ, ಡಯಾಲಿಸಿಸ್ ಫಿಸ್ಟುಲಾ ಇರುವ ತೋಳಿನ ಮೇಲೆ ಒತ್ತಬೇಡಿ. ಆಕ್ಸಿಜನ್ ಮಾಸ್ಕ್ ಹಾಕಿದ್ದರೆ ಮುಖಕ್ಕೆ ಎಣ್ಣೆ ಬೇಡ, ಬೆಂಕಿಯ ಅಪಾಯವಿದೆ. ಸಿಸ್ಟರನ್ನು ಕೇಳಿ ಅಂಗೈಗೆ ಒಂದು ತೊಟ್ಟು ಹಚ್ಚಿ. ದನಿ ತಗ್ಗಿರಲಿ. ಪಕ್ಕದ ಹಾಸಿಗೆಯ ಅಜ್ಜಿ ಮಾದಪ್ಪನನ್ನು ನೆನೆಯುತ್ತಿರಬಹುದು, ಆಚೆಯವರು ತಸ್ಬೀ ಎಣಿಸುತ್ತಿರಬಹುದು. ಅವರ ನಿದ್ದೆಯೂ ನಮ್ಮದೇ ಜವಾಬ್ದಾರಿ. ಐದು ನಿಮಿಷದ ಪ್ರಾರ್ಥನೆ ಸಾಕು.

ಕಥೋಲಿಕ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಫಾದರ್ ಎಣ್ಣೆ ತಂದರೆಂದರೆ ಕಥೆ ಮುಗಿಯಿತು ಎಂಬ ಭಯ. ಎರಡನೆಯ ವ್ಯಾಟಿಕನ್ ಮಹಾಸಭೆಯೇ ಈ ಅಭ್ಯಂಗ ಸಾವಿನಂಚಿನವರಿಗೆ ಮಾತ್ರವಲ್ಲ ಎಂದಿತು. 1972ರಲ್ಲಿ ಆರನೆಯ ಪೌಲ್ ಪೋಪರು ಅದರ ವಿಧಿಯನ್ನೇ ಹೊಸದಾಗಿಸಿದರು. ದೊಡ್ಡ ಆಪರೇಷನ್ನಿಗೆ ಮುಂಚೆಯೇ ಕರೆಯಬಹುದು, ಕಾಯಿಲೆ ಹೆಚ್ಚಾದರೆ ಮತ್ತೊಮ್ಮೆಯೂ ಕೊಡಬಹುದು. ರೋಗಿಗೆ ಪ್ರಜ್ಞೆ ಇರುವಾಗಲೇ ಕರೆಯಿರಿ.

7. ದೇವರಿಗೆ ಗಡುವು ಹಾಕಬೇಡಿ

ಧೈರ್ಯವಾಗಿ ಕೇಳಿ. ಆದರೆ "ಭಾನುವಾರದೊಳಗೆ ಎದ್ದು ನಡೆಯುತ್ತಾರೆ" ಎಂದು ದೇವರ ಹೆಸರಲ್ಲಿ ಮಾತು ಕೊಡಬೇಡಿ. ಗೆತ್ಸೇಮನೆಯಲ್ಲಿ ಯೇಸು ಸ್ವಾಮಿ ತಮಗೆ ಬೇಕಾದ್ದನ್ನು ಬೇಡಿದರು, ತಂದೆಯ ಚಿತ್ತಕ್ಕೂ ಬಿಟ್ಟರು. ಪೌಲನ ಸಂಗಾತಿ ಎಪಫ್ರೊದೀತ ಸಾಯುವಷ್ಟು ಕಾಯಿಲೆಬಿದ್ದು ಎದ್ದ. ಅದೇ ಪೌಲನ ಇನ್ನೊಬ್ಬ ಸಂಗಾತಿ ತ್ರೊಫಿಮ ಮಿಲೇತದಲ್ಲಿ ಕಾಯಿಲೆಯಾಗಿಯೇ ಉಳಿದ. ಪೌಲ ತನ್ನ ಮೈಯಲ್ಲಿ ನಾಟಿದ ಮುಳ್ಳಿಗಾಗಿ ಮೂರು ಸಲ ಬೇಡಿಕೊಂಡ; ಅದು ಹೋಗಲಿಲ್ಲ. ನಂಬಿಕೆ ಕಡಿಮೆಯಾಗಿತ್ತೆಂದು ಪೌಲನಿಗೆ ಹೇಳುವವರು ಯಾರು?

ವಿಜ್ಞಾನ ಪ್ರಾರ್ಥನೆಯ ಫಲವನ್ನು ಅಳೆಯಲು ನೋಡಿದೆ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಮಾಡಿಸಿಕೊಂಡ 1,802 ಜನರ ಮೇಲೆ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಪರಿಚಯವಿಲ್ಲದವರು ದೂರದಿಂದ ಮಾಡಿದ ಪ್ರಾರ್ಥನೆಯಿಂದ ತೊಡಕುಗಳು ತಗ್ಗಲಿಲ್ಲ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದೆಯೇ ಅದನ್ನು ಪಡೆದವರಲ್ಲಿ ಶೇಕಡ 52 ಮಂದಿಗೆ ತೊಡಕಾದರೆ, ಪ್ರಾರ್ಥನೆ ಖಂಡಿತ ನಡೆಯುತ್ತಿದೆ ಎಂದು ತಿಳಿದಿದ್ದವರಲ್ಲಿ ಶೇಕಡ 59 ಮಂದಿಗೆ ಆಯಿತು. ನನಗೆ ಇದರಿಂದ ನಂಬಿಕೆ ಅಲುಗಲಿಲ್ಲ. ಪ್ರಾರ್ಥನೆ ತಂದೆಯೊಂದಿಗೆ ಮಕ್ಕಳು ಆಡುವ ಮಾತು. ಡ್ರಿಪ್ಪಿನ ಹಾಗೆ ಹನಿ ಎಣಿಸಿ ಏರಿಸುವಂಥದ್ದಲ್ಲ. ಆದರೆ ಆ 59ನ್ನು ಓದುವಾಗಲೆಲ್ಲ, ಇಷ್ಟು ಜನ ಪ್ರಾರ್ಥಿಸುತ್ತಿದ್ದಾರೆ, ಇನ್ನು ನಾನು ಗುಣವಾಗಲೇಬೇಕು ಎಂಬ ಒತ್ತಡದಲ್ಲಿ ಮಲಗಿರುವ ಮುಖಗಳು ನೆನಪಾಗುತ್ತವೆ. ಅಂಥವರಿಗೆ ನಾನು ಹೇಳುವುದಿಷ್ಟೇ: "ನೀವು ನಮಗೋಸ್ಕರ ಗುಣವಾಗಬೇಕಾಗಿಲ್ಲಪ್ಪ."

8. ನೋವು ಸಹಿಸುವುದು ಭಕ್ತಿಯಲ್ಲ

ಮಾರ್ಫಿನ್ ಕೊಡಿಸಿದರೆ ಕೈಬಿಟ್ಟಂತೆ ಎಂದು ಮನೆಯವರು ಹೆದರುತ್ತಾರೆ. ಹಾಗಲ್ಲ. ಕ್ಯಾನ್ಸರಿನ ತೀವ್ರ ನೋವಿಗೆ ಅದು ಸರಿಯಾದ ಔಷಧಿ. ಸಿಗುವುದು ಸುಲಭವಾಗಲೆಂದೇ 2014ರಲ್ಲಿ ಕಾನೂನನ್ನು ತಿದ್ದಿದರು. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೊನೆಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಅಲ್ಲಿಗೆ ಕರೆದೊಯ್ದವರು ಗುಣವಾಗಲೆಂಬ ಪ್ರಾರ್ಥನೆಯನ್ನು ನಿಲ್ಲಿಸಬೇಕಾಗಿಲ್ಲ. ನೋವು ಇಳಿದ ಮೇಲೆ ಮಕ್ಕಳ ಹೆಸರು ಹಿಡಿದು ಕರೆದು ಮಾತಾಡಿದವರನ್ನು, ಜಗಳವಾಡಿದ್ದ ತಮ್ಮನನ್ನು ಕರೆಸಿಕೊಂಡವರನ್ನು ನೋಡಿದ್ದೇನೆ. ಅದನ್ನೂ ನಾನು ಪ್ರಾರ್ಥನೆಗೆ ಸಿಕ್ಕ ಉತ್ತರವೆಂದೇ ಎಣಿಸುತ್ತೇನೆ.

9. ಮಣ್ಣು ಕೊಟ್ಟ ಮೇಲೂ ಹೋಗಿ

"ಅಯ್ಯನವರೇ, ಇನ್ನೊಂದು ವಾರ ಉಪವಾಸ ಪ್ರಾರ್ಥನೆ ಮಾಡಿದ್ದಿದ್ರೆ ಅಪ್ಪ ಉಳೀತಿದ್ರಾ?" ಈ ಪ್ರಶ್ನೆ ಮಣ್ಣಿನ ದಿನ ಬರುವುದಿಲ್ಲ. ನೆಂಟರೆಲ್ಲ ಹೊರಟುಹೋಗಿ ಮನೆ ಖಾಲಿಯಾದ ಮೇಲೆ ಬರುತ್ತದೆ. ಆಗ ಸುತ್ತುಬಳಸಿ ಮಾತಾಡಬಾರದು. "ಇಲ್ಲಮ್ಮ, ನಿಮ್ಮ ಪ್ರಾರ್ಥನೆ ಸಾಲದೆ ಹೋದದ್ದಲ್ಲ," ಎಂದು ನೇರ ಹೇಳುತ್ತೇನೆ. ಯೇಸು ಸ್ವಾಮಿಯಿಂದ ಗುಣವಾದವರೆಲ್ಲ ಒಂದು ದಿನ ತೀರಿಕೊಂಡರು, ಸಮಾಧಿಯಿಂದ ಎದ್ದು ಬಂದ ಲಾಜರನೂ ಸೇರಿ. ಪುನರುತ್ಥಾನದ ಮೇಲೆ ನಾವಿಡುವ ನಂಬಿಕೆ ಇದಕ್ಕೆಲ್ಲ ಆಚೆಯದು.

ಇನ್ನು ಕೆಲವರು ದೇವರ ಮೇಲೇ ಸಿಟ್ಟಾಗಿರುತ್ತಾರೆ. ಲಾಜರ ಸತ್ತು ನಾಲ್ಕು ದಿನವಾದ ಮೇಲೆ ಬಂದ ಯೇಸು ಸ್ವಾಮಿಯ ಎದುರಿಗೇ, ನೀವು ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಮಾರ್ಥಳೂ ಮರಿಯಳೂ ದೂರಿದರು. ಯೇಸು ಸ್ವಾಮಿ ಗದರಿಸಲಿಲ್ಲ, ಸಮಾಧಿಗೆ ಹೋಗುವಾಗ ತಾವೂ ಅತ್ತರು. ಎಂಬತ್ತೆಂಟನೆಯ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಆದರೂ ಅದು ಸತ್ಯವೇದದಲ್ಲಿದೆ. ಹಾಗಾಗಿ ಸಿಟ್ಟಿನ ಮಾತನ್ನು ನಾನು ನಡುವೆ ತಡೆಯುವುದಿಲ್ಲ, ವಚನ ತೆಗೆದು ಉತ್ತರ ಕೊಡುವುದಿಲ್ಲ. ಪೂರ್ತಿ ಕೇಳಿಸಿಕೊಂಡು, ಪ್ರಾರ್ಥನೆ ಮಾಡಲೇ ಎಂದು ಕೇಳುತ್ತೇನೆ. ಬೇಡ ಅಂದರೆ ಕಾಫಿ ಕುಡಿದು ಬಂದು, ಮುಂದಿನ ವಾರ ಮತ್ತೆ ಹೋಗುತ್ತೇನೆ.