ಕಾಯಿಸಿ ಮಾರುವ ಸರಕು: ಸ್ಪೇನಿನ ರಿಯೋಹಾ ಕೆಂಪು ವೈನ್ ಉದ್ಯಮದ ಒಂದು ಅಧ್ಯಯನ

ಸರಕು ಉಗ್ರಾಣದಲ್ಲಿ ಹೆಚ್ಚು ದಿನ ಉಳಿದಷ್ಟೂ ವರ್ತಕನಿಗೆ ಬಡ್ಡಿಯ ಹೊರೆ, ಬ್ಯಾಂಕಿನವರಿಗೆ ಅನುಮಾನ, ಲೆಕ್ಕ ಪರಿಶೋಧಕರಿಗೆ ಪ್ರಶ್ನೆ. ಸಾಮಾನ್ಯ ವ್ಯಾಪಾರದಲ್ಲಿ ಇದೇ ರೂಢಿ. ಆದರೆ ದಾಸ್ತಾನನ್ನು ವರ್ಷಗಟ್ಟಲೆ ಮಾರದೆ ಇಡುವುದನ್ನೇ ಕಟ್ಟಳೆಯನ್ನಾಗಿ ಮಾಡಿಕೊಂಡು, ಅದರ ಮೇಲೆಯೇ ಹೆಸರು ಗಳಿಸಿದ ಉದ್ಯಮವೊಂದು ಉತ್ತರ ಸ್ಪೇನಿನ ರಿಯೋಹಾ ಪ್ರದೇಶದಲ್ಲಿದೆ. ಅಲ್ಲಿನ ಕೆಂಪು ವೈನಿನ ತಯಾರಿಕಾ ಕ್ರಮವನ್ನೂ ಅದರ ಹಿಂದಿನ ಹಣದ ಲೆಕ್ಕವನ್ನೂ ಅರಿಯುವುದು ವೈನನ್ನು ಮುಟ್ಟದ ವರ್ತಕರಿಗೂ ಉಪಯುಕ್ತವಾದೀತು.

ಎಬ್ರೊ ನದಿಯ ಎರಡೂ ದಂಡೆಗಳಲ್ಲಿ ಹರಡಿರುವ ಈ ಪ್ರದೇಶದಲ್ಲಿ 60,000 ಹೆಕ್ಟೇರಿಗೂ ಮಿಕ್ಕಿ ದ್ರಾಕ್ಷಿ ತೋಟಗಳಿವೆ. ಉತ್ತರಕ್ಕಿರುವ ಕಾಂತಾಬ್ರಿಯಾ ಬೆಟ್ಟಸಾಲು ಅಟ್ಲಾಂಟಿಕ್ ಸಾಗರದ ಶೀತಗಾಳಿಯನ್ನು ತಡೆಯುತ್ತದೆ. ಮುಖ್ಯ ತಳಿ ಟೆಂಪ್ರಾನಿಯೊ. ಬೇಗ ಹಣ್ಣಾಗುವುದರಿಂದ ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ ಆ ಹೆಸರು. ಗಾರ್ನಾಚಾ, ಗ್ರಾಸಿಯಾನೊ, ಮಾಥುಯೆಲೊ ತಳಿಗಳನ್ನು ಹದ ನೋಡಿ ಬೆರೆಸುತ್ತಾರೆ.

ಹದಿನೆಂಟನೆಯ ಶತಮಾನದವರೆಗೆ ಇಲ್ಲಿನ ವೈನ್ ಹೆಚ್ಚು ಕಾಲ ಕೆಡದೆ ಉಳಿಯುತ್ತಿರಲಿಲ್ಲ. ಬಂದ ಬೆಲೆಗೆ ಆಯಾ ವರ್ಷವೇ ಮಾರಿ ಮುಗಿಸಬೇಕಾಗಿತ್ತು. ಆ ಶತಮಾನದ ಕೊನೆಯಲ್ಲಿ ಲಾಬಾಸ್ತಿದಾ ಗ್ರಾಮದ ಮಾನ್ವೆಲ್ ಕಿಂತಾನೊ ಎಂಬ ಪಾದ್ರಿ ಫ್ರಾನ್ಸಿನ ಬೋರ್ಡೊ ನಗರಕ್ಕೆ ಹೋಗಿ, ಓಕ್ ಮರದ ಪೀಪಾಯಿಗಳಲ್ಲಿ ವೈನನ್ನು ಮಾಗಿಸುವ ವಿಧಾನವನ್ನು ಕಲಿತು ಬಂದನು. ಅವನ ವೈನ್ ಕಡಲು ದಾಟಿ ಅಮೆರಿಕದ ವಸಾಹತುಗಳವರೆಗೂ ಕೆಡದೆ ತಲುಪಿತು. ಆದರೆ ಪೀಪಾಯಿಗೆ, ಕೂಲಿಗೆ, ಕಾಯುವಿಕೆಗೆ ತಗುಲಿದ ವೆಚ್ಚವನ್ನು ಬೆಲೆಯಲ್ಲಿ ಸೇರಿಸಲು ಸ್ಥಳೀಯ ಆಡಳಿತ ಒಪ್ಪಲಿಲ್ಲ; ಎಲ್ಲರ ವೈನಿಗೂ ಒಂದೇ ದರವೆಂದು ಪಟ್ಟು ಹಿಡಿಯಿತು. ಪ್ರಯೋಗ ಅಲ್ಲಿಗೇ ನಿಂತಿತು. ತಂತ್ರ ಗೆದ್ದರೂ ದರ ನಿಗದಿಯ ಮುಂದೆ ಸೋತ ಈ ಪ್ರಸಂಗವನ್ನು ಬೆಲೆ ನಿಯಂತ್ರಣದ ಕಾಲವನ್ನು ಕಂಡ ನಮ್ಮ ಹಿರಿಯ ಉದ್ದಿಮೆದಾರರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಅದೇ ವಿಧಾನ ಅರ್ಧ ಶತಮಾನದ ತರುವಾಯ ಮರಳಿ ಬಂದು ಬೇರೂರಿತು. ಮಾರ್ಕೆಸ್ ದೆ ರಿಸ್ಕಾಲ್ ಸಂಸ್ಥೆ 1858ರಲ್ಲಿ ಸ್ಥಾಪನೆಯಾಯಿತು. ಮುಂದೆ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಕೀಟ ಫ್ರಾನ್ಸಿನ ತೋಟಗಳನ್ನು ನಾಶ ಮಾಡಿದಾಗ, ಬೋರ್ಡೊ ವರ್ತಕರು ಪಿರಿನೀಸ್ ಪರ್ವತದ ಈಚೆಗೆ ಸರಕು ಹುಡುಕಿ ಬಂದರು. ಆರೊ ಪಟ್ಟಣಕ್ಕೆ ಅಷ್ಟರಲ್ಲಿ ರೈಲುಮಾರ್ಗ ಬಂದಿತ್ತು. 1877ರ ಲೊಪೆಸ್ ದೆ ಎರೆದಿಯಾ, 1879ರ ಕೂನೆ ಮೊದಲಾದ ಸಂಸ್ಥೆಗಳು ನಿಲ್ದಾಣದ ಪಕ್ಕದಲ್ಲಿಯೇ ನೆಲೆಯೂರಿದುದಕ್ಕೆ ಕಾರಣ ಸಾಗಾಣಿಕೆಯ ಅನುಕೂಲವಲ್ಲದೆ ಬೇರೇನಲ್ಲ. ಶತಮಾನ ಮುಗಿಯುವ ಹೊತ್ತಿಗೆ ಕೀಟ ರಿಯೋಹಾಕ್ಕೂ ಬಂತು. ಅಮೆರಿಕದ ಬೇರುಗಿಡಗಳಿಗೆ ಕಸಿ ಕಟ್ಟಿ ತೋಟಗಳನ್ನು ಹೊಸದಾಗಿ ಬೆಳೆಸಬೇಕಾಯಿತು.

ತಯಾರಿಕೆಯಲ್ಲಿ ಇಂದಿಗೂ ಎರಡು ಸಂಪ್ರದಾಯಗಳಿವೆ. ಆಲಾವಾ ಭಾಗದ ಸಣ್ಣ ಬೆಳೆಗಾರರು ಗೊಂಚಲುಗಳನ್ನು ಬಿಡಿಸದೆ ತೊಟ್ಟಿಗೆ ಹಾಕುತ್ತಾರೆ. ಹಣ್ಣಿನೊಳಗೇ ಹುದುಗು ಆರಂಭವಾಗಿ ಘಮಘಮಿಸುವ ಎಳೆಯ ವೈನ್ ದೊರೆಯುತ್ತದೆ. ಅದನ್ನು ಬೇಗನೆ ಮಾರುತ್ತಾರೆ. ಎರಡನೆಯದು ಪೀಪಾಯಿಯ ಮಾರ್ಗ. ಕಾಳು ಬಿಡಿಸಿ, ಸಿಪ್ಪೆಯೊಡನೆ ಹುದುಗಿಸಿ, 225 ಲೀಟರಿನ ಓಕ್ ಪೀಪಾಯಿಗಳಲ್ಲಿ ತುಂಬಿ ನೆಲಮಾಳಿಗೆಯಲ್ಲಿ ಇಡುತ್ತಾರೆ. ಕಾಲಕಾಲಕ್ಕೆ ಗಸಿಯನ್ನು ತಳದಲ್ಲಿ ಬಿಟ್ಟು, ತಿಳಿಯನ್ನು ಬೇರೆ ಪೀಪಾಯಿಗೆ ಇಳಿಸುತ್ತಾರೆ. ಕೆಲವೆಡೆ ಮೊಟ್ಟೆಯ ಬಿಳಿಯಿಂದ ತಿಳಿಗೊಳಿಸುವ ಹಳೆಯ ಪದ್ಧತಿ ಉಳಿದಿದೆ. ಅಮೆರಿಕದ ಓಕ್ ಮರ ಕೊಡುವ ವೆನಿಲಾ ಪರಿಮಳ ರಿಯೋಹಾದ ಗುರುತಾಗಿತ್ತು. ಈಚಿನ ದಶಕಗಳಲ್ಲಿ ಫ್ರೆಂಚ್ ಓಕ್ ಬಳಸುವವರೂ ಹೆಚ್ಚಾಗಿದ್ದಾರೆ.

ಇನ್ನು ಕಟ್ಟಳೆಯ ಲೆಕ್ಕ. ಕೆಂಪು ವೈನ್ 'ಕ್ರಿಯಾಂಥಾ' ಎನಿಸಿಕೊಳ್ಳಲು ಒಟ್ಟು 2 ವರ್ಷ ಮಾಗಬೇಕು. ಅದರಲ್ಲಿ 1 ವರ್ಷ ಪೀಪಾಯಿಯಲ್ಲಿ. 'ರೆಸೆರ್ವಾ'ಕ್ಕೆ 3 ವರ್ಷ. 1 ವರ್ಷ ಪೀಪಾಯಿ, ಕನಿಷ್ಠ 6 ತಿಂಗಳು ಬಾಟಲಿ. 'ಗ್ರಾನ್ ರೆಸೆರ್ವಾ'ಕ್ಕೆ 5 ವರ್ಷ. ಅದರಲ್ಲಿ ಪೀಪಾಯಿಯಲ್ಲಿ 2, ಬಾಟಲಿಯಲ್ಲಿ 2. ಕೆಂಪು ದ್ರಾಕ್ಷಿಯ ಇಳುವರಿಗೆ ಹೆಕ್ಟೇರಿಗೆ 6,500 ಕಿಲೋ ಮಿತಿ, 100 ಕಿಲೋ ಹಣ್ಣಿಗೆ 70 ಲೀಟರ್ ವೈನ್ ಎಂಬುದು ಮೂಲ ನಿಯಮ. ಅಂದರೆ ಒಂದು ಹೆಕ್ಟೇರಿಗೆ 4,550 ಲೀಟರ್, ಸುಮಾರು 20 ಪೀಪಾಯಿ, 6,000 ಬಾಟಲಿ. ಉದಾಹರಣೆಗೆ, ಸುಗ್ಗಿಯ ಹೊತ್ತಿಗೆ ಬಾಟಲಿಯೊಂದರ ವೆಚ್ಚ 100 ರೂಪಾಯಿ, ಚಕ್ರಬಡ್ಡಿ ಶೇ. 10 ಎಂದು ಊಹಿಸಿದರೆ, ಬಡ್ಡಿಯೊಂದರಿಂದಲೇ ಕ್ರಿಯಾಂಥಾದ ವೆಚ್ಚ 121, ರೆಸೆರ್ವಾದ್ದು 133, ಗ್ರಾನ್ ರೆಸೆರ್ವಾದ್ದು 161 ರೂಪಾಯಿ ಆಗುತ್ತದೆ. ಪೀಪಾಯಿಯ ಸವಕಳಿ, ಮರದ ಮೂಲಕ ಆವಿಯಾಗುವ ನಷ್ಟ ಇದರ ಮೇಲೆ. ಮಾರಾಟಕ್ಕೆ ಸಿದ್ಧವಾಗಲು ದೀರ್ಘಕಾಲ ಹಿಡಿಯುವ ದಾಸ್ತಾನಿಗೆ ಸಾಲದ ಬಡ್ಡಿಯನ್ನು ಸೇರಿಸಲು ನಮ್ಮ ಲೆಕ್ಕಪತ್ರ ಮಾನದಂಡ 16 ಅವಕಾಶ ಕೊಟ್ಟಿರುವುದು ಇಂಥ ಸರಕಿಗಾಗಿಯೇ.

ಇಷ್ಟು ವೆಚ್ಚ ಮಾಡಿದವನಿಗೆ ನಕಲಿಯ ಭಯ ಸಹಜ. ಖಾಲಿ ಬಾಟಲಿಗೆ ಅಗ್ಗದ ವೈನ್ ತುಂಬಿ ಮಾರುವುದನ್ನು ತಡೆಯಲು ರಿಸ್ಕಾಲ್ ಸಂಸ್ಥೆ ಬಾಟಲಿಯ ಸುತ್ತ ತಂತಿಯ ಬಲೆ ಹೆಣೆಯಿತು. ಬಲೆ ಕತ್ತರಿಸದೆ ಬಿರಡೆ ತೆಗೆಯುವಂತಿರಲಿಲ್ಲ. ಇಂದು ಅದು ಅಲಂಕಾರ ಮಾತ್ರ. ರಿಯೋಹಾ ಎಂಬ ಮೂಲನಾಮಕ್ಕೆ ಮಾನ್ಯತೆ ದೊರೆತದ್ದು 1925ರಲ್ಲಿ. 1991ರಲ್ಲಿ ಸ್ಪೇನಿನ ಅತ್ಯುನ್ನತ ದರ್ಜೆ ಮೊದಲು ಸಂದದ್ದೂ ಇದಕ್ಕೇ. ನಿಯಂತ್ರಣ ಮಂಡಲಿಯು ಪ್ರತಿ ಬಾಟಲಿಗೂ ಕ್ರಮಸಂಖ್ಯೆಯುಳ್ಳ ಹಿಂಬದಿ ಚೀಟಿ ಕೊಡುವುದರಿಂದ, ಅನುಮತಿಗಿಂತ ಹೆಚ್ಚು ಬಾಟಲಿಗಳು ಆ ಹೆಸರಿನಲ್ಲಿ ಹೊರಬೀಳುವುದು ಕಷ್ಟ.

ಆದರೂ ಸಾಮೂಹಿಕ ಹೆಸರಿನಲ್ಲಿ ಒಂದು ತೊಡಕುಂಟು. ಅಗ್ಗದ ಬಾಟಲಿಗೂ ದುಬಾರಿ ಬಾಟಲಿಗೂ ಅದೇ ಮುದ್ರೆ. ಮುದ್ರೆ ಕಾಲವನ್ನು ಅಳೆಯುತ್ತದೆಯೇ ಹೊರತು ತೋಟದ ಗುಣವನ್ನಲ್ಲ. ಈ ಕಾರಣಕ್ಕೆ ಆರ್ತಾದಿ ಎಂಬ ಪ್ರತಿಷ್ಠಿತ ಸಂಸ್ಥೆ 2015ರ ಕೊನೆಯಲ್ಲಿ ರಿಯೋಹಾ ಹೆಸರನ್ನೇ ಬಿಟ್ಟು ಹೊರನಡೆಯಿತು. ಮಂಡಲಿ 2017ರಲ್ಲಿ 'ವಿಶಿಷ್ಟ ತೋಟ' ಎಂಬ ಹೊಸ ವರ್ಗವನ್ನು ತಂದಿತು. ಹೋದವರು ಹೇಳಿದ್ದರಲ್ಲಿ ಹುರುಳಿತ್ತೆಂಬುದಕ್ಕೆ ಇದೇ ಸಾಕ್ಷಿ.

ಅದಕ್ಕಿಂತ ದೊಡ್ಡ ಚಿಂತೆ ಬೇಡಿಕೆಯದು. ಕೆಂಪು ವೈನ್ ಕುಡಿಯುವವರು ಯುರೋಪಿನಲ್ಲಿ ಕಡಿಮೆಯಾಗುತ್ತಿದ್ದು, ನೆಲಮಾಳಿಗೆಗಳು ತುಂಬಿವೆ. 2023ರಲ್ಲಿ ಹೆಚ್ಚುವರಿ ವೈನನ್ನು ಬಟ್ಟಿ ಇಳಿಸಿ ಕೈಗಾರಿಕಾ ಮದ್ಯಸಾರವಾಗಿಸಲು, ಕಾಯಿಯನ್ನು ಹಸಿರಿರುವಾಗಲೇ ಕಿತ್ತೆಸೆಯಲು ಬೆಳೆಗಾರರಿಗೆ ನೆರವು ನೀಡಬೇಕಾಯಿತು. ಅದೇ ವರ್ಷದ ಹಣ್ಣಿನಿಂದ ಗ್ರಾನ್ ರೆಸೆರ್ವಾ ಮಾಡಲು ತೀರ್ಮಾನಿಸಿದವರು 2028ರ ಸುಗ್ಗಿ ಮುಗಿಯುವ ತನಕ ಒಂದು ಬಾಟಲಿಯನ್ನೂ ಮಾರುವಂತಿಲ್ಲ.